ಮಾಮಾ ಅಂದ ಬಾಯಿ

ಮೊನ್ನೆ ಕೆಂಭಾವಿ ಸಂತೆಯಲ್ಲಿ ಕಲಾಯಿ ಹಾಕುವವನೊಬ್ಬ ಕೂತಿದ್ದ. ಕಾದ ತಾಮ್ರದ ಹಂಡೆಗೆ ನವಸಾಗರ ಉಜ್ಜಿದೊಡನೆ ಬಿಳಿ ಹೊಗೆ ಎದ್ದು ಮೂಗಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂದದ್ದು, ಬೇರೆ ಅರ್ಥ ಹಚ್ಚಬೇಡಿ. ಆದರೆ ನಮ್ಮಪ್ಪನ ಅಂಗಿಗೂ, ಉಣ್ಣುವ ಕೈಗೂ, ನಾನು ಹೊದೆಯುತ್ತಿದ್ದ ಕೌದಿಗೂ ಇದೇ ವಾಸನೆ ಇತ್ತು. ನಿಮಗೂ ನಿಮ್ಮ ಮನೆಯದೊಂದು ವಾಸನೆ ಇದ್ದೇ ಇರುತ್ತದೆ. ಮನೆ ಬಿದ್ದಮೇಲೂ ಅದು ಬಿಡುವುದಿಲ್ಲ.

ಅಪ್ಪನ ಅಜ್ಜನನ್ನು ಆಫ್ರಿಕಾದಿಂದ ಹೈದರಾಬಾದಿಗೆ, ನಿಜಾಮರ ಕುದುರೆ ದಂಡಿಗೆ ತಂದಿದ್ದರಂತೆ. ಅಪ್ಪ ಕಲಾಯಿ ಹಾಕುತ್ತ ಸುರಪುರಕ್ಕೆ ಬಂದ, ಕುರಿ ಕಾಯುವವರ ಮನೆಯ ನಮ್ಮವ್ವನನ್ನು ಕಟ್ಟಿಕೊಂಡು ಅವಳ ತವರಲ್ಲೇ ಉಳಿದ. ಅಪ್ಪನದು ಇದ್ದಿಲಿನಂಥ ಮೈ, ಬೆರಳು ತೂರದ ಗುಂಗುರು ಕೂದಲು. ಬಣ್ಣ ನನಗೆ ಅವ್ವನದು, ಕೂದಲು ಮಾತ್ರ ಅಪ್ಪನದು. ಸೋದರಮಾವನ ಮಕ್ಕಳು ಅಪ್ಪನನ್ನು ಮಾಮಾ ಅನ್ನುತ್ತಿದ್ದರು. ಅವರ ಜೊತೆ ಬೆಳೆದ ನಾನೂ ಹಾಗೇ ಅಂದೆ. ಅವ್ವ ತಿದ್ದಲು ಬಂದರೆ ಅಪ್ಪನೇ ತಡೆಯುತ್ತಿದ್ದ: "ಅನ್ಲಿ ಬಿಡು. ಹೊರಗ ಆಕಿಗೆ ಅದ ಛಲೋ." ತನ್ನ ಕೂದಲು ನನಗೆ ಕೊಟ್ಟದ್ದೇ ತಪ್ಪು ಎಂಬಂತೆ ಹೇಳುತ್ತಿದ್ದ.

ಒಂದು ಸಲ ಸುರಪುರದ ಸಂತೆಯಲ್ಲಿ ಕೂತಿದ್ದ ಅವನಿಗೆ ರೊಟ್ಟಿ ಒಯ್ದೆ. ಬೇರೆ ಹಳ್ಳಿಯ ಹೆಂಗಸರು ಹಂಡೆ ತಂದು ಸುತ್ತ ಕೂತಿದ್ದರು. ನನ್ನ ತಲೆಯ ಅರಿವೆ ಜಾರಿತು. ಒಬ್ಬಾಕೆ ಕೂದಲು ನೋಡಿ, "ಇಂವ ನಿನಗೇನಾಗ್ಬೇಕವ್ವ?" ಅಂದಳು. "ಮಾಮಾ," ಅಂದೆ. ರೂಢಿಯ ಮಾತೇ, ಆದರೆ ಅವತ್ತು ಬೇಕಂತಲೇ ಅಂದೆ. ಅಪ್ಪ ತಲೆ ಎತ್ತದೆ, "ಹೌದ್ರಿ ಬಾಯಿ, ನಮ್ಮಕ್ಕನ ಮಗಳು," ಅಂದ. ನಮ್ಮ ಕಡೆ ಅಕ್ಕನ ಮಗಳೆಂದರೆ ಮಾವನಿಗೇ ಮೀಸಲು. ಆ ಗಡಿಬಿಡಿಯಲ್ಲಿ ಅದು ಅವನಿಗೆ ಹೊಳೆಯಲಿಲ್ಲ. ಆಕೆ ಬಿಟ್ಟಾಳೇ?

"ಅಕ್ಕನ ಮಗಳಾ! ಹಂಗಾರ ತಾಳಿ ಕಟ್ಟಾಂವ ನೀನ ಅನ್ನು. ಏ ಕಲಾಯಿ ಮಾಮಾ, ಇನ್ನ ಎಷ್ಟು ವರ್ಷ ಕಾಯ್ತಿ?"

"ಜೋಡಿ ಛಲೋ ಅದ ಬಿಡವ್ವ," ಅಂದಳು ಇನ್ನೊಬ್ಬಳು. "ತಲಿ ನೋಡು, ಎರಡೂ ಒಂದ ಟಗರಿನ ತುಪ್ಪಳ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪನ ಕೈಯ ಇಕ್ಕಳ ನಿಂತೇಬಿಟ್ಟಿತು. ನನ್ನ ಮುಖ ನೋಡಿದ. ಹೇಳಿಬಿಡಲೇನು ಎಂದು ಕೇಳಿದ ಹಾಗಿತ್ತು. ಬೇಡವೆಂದು ತಲೆಯಾಡಿಸಿದೆ. ಅವನು ಬಗ್ಗಿ ತಿದಿ ಒತ್ತತೊಡಗಿದ. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತ ಅಂದದ್ದು ಇಷ್ಟೇ: "ಇನ್ನ ಸಂತಿಗೆ ರೊಟ್ಟಿ ತರಬ್ಯಾಡವ್ವ. ನಾನ ಕಟ್ಕೊಂಡ ಹೋಗ್ತೀನಿ." ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ.

ಆಮೇಲೆ ಅಪ್ಪಾ ಅನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ನಾಚಿಕೆಯೋ ಸೊಕ್ಕೋ, ಹೊರಡಲಿಲ್ಲ. ಈಗ ಬರೆಯುವಾಗ ಸರಾಗ ಬರುತ್ತದೆ. ಬರೆದದ್ದು ಅವನಿಗೆ ಕೇಳುವುದಿಲ್ಲವಲ್ಲ.

ನನ್ನ ಮದುವೆಗೆ ಮೊದಲೇ ಅವನು ತೀರಿಕೊಂಡ. ಹೆಣದ ಸುತ್ತ ಸೋದರಮಾವನ ಮಕ್ಕಳು ಮಾಮಾ, ಮಾಮಾ ಎಂದು ಅಳುತ್ತಿದ್ದರು. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಪ್ಪಾ ಅನ್ನವ್ವ. ಇವತ್ತರ ಅನ್ನು," ಅಂದಳು. ಅನ್ನಲು ಹೋದೆ. ಬಾಯಿಗೆ ಬಂದದ್ದು ಮಾಮಾ ಅಂತಲೇ. ಅವ್ವ ಕೈ ತೆಗೆದಳು.