ಎಷ್ಟು ಮಣ್ಣು?

ತಾಷ್ಕೆಂಟಿನಲ್ಲಿದ್ದಾಗ ಇಳಕಲ್ಲಿನಿಂದ ಅಣ್ಣನ ಫೋನು ಬಂತು. "ತಮ್ಮಾ, ಅಕ್ಕ ಹ್ವಾದ್ಲೋ. ನಾಳೆ ಸಂಜಿಕ ಮಣ್ಣ ಮಾಡ್ತೇವಿ. ಒಂದ್ ಹಿಡಿ ಮಣ್ಣ ಹಾಕಾಕರ ಬಾ."

ಪ್ರವಾಸ ಅಲ್ಲಿಗೇ ಬಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದೆ. ಟಿಕೆಟ್ ಕೌಂಟರಿನ ಹೆಂಗಸಿಗೆ ನನ್ನ ಇಂಗ್ಲಿಷ್ ತಿಳಿಯಲಿಲ್ಲ. ಮೊಬೈಲಿನಲ್ಲಿ ಅನುವಾದದ ಆ್ಯಪ್ ತೆರೆದು, "ನಾ ಇವತ್ತ ಹೋಗಬೇಕ್ರಿ. ನಾಳೆ ನಮ್ಮಕ್ಕನ ಮಣ್ಣು ಐತಿ" ಎಂದೆ. ಅದು ಅವಳ ಭಾಷೆಯಲ್ಲಿ ಏನೋ ಹೇಳಿತು. ಅವಳು ನನ್ನ ಚೀಲದತ್ತ ಅನುಮಾನದಿಂದ ನೋಡಿ ಉತ್ತರ ಕೊಟ್ಟಳು. ಮೊಬೈಲು ಅದನ್ನು ಪುಸ್ತಕದ ಕನ್ನಡದಲ್ಲಿ ಒದರಿತು: "ವಿಮಾನದಲ್ಲಿ ಮಣ್ಣನ್ನು ಒಯ್ಯುವಂತಿಲ್ಲ. ನಿಮ್ಮ ಬಳಿ ಎಷ್ಟಿದೆ?"

ಸಿಟ್ಟು ನೆತ್ತಿಗೇರಿತು. ತಿದ್ದಿ ಹೇಳಲು ಮೊಬೈಲನ್ನು ಬಾಯಿಯ ಹತ್ತಿರ ತಂದರೆ ಅಣ್ಣನ ಮಾತೇ ನಾಲಿಗೆಗೆ ಬಂತು.

"ಒಂದ್ ಹಿಡಿ" ಎಂದೆ.