ಪ್ರಾಗ್‌ನಲ್ಲಿ ಅಂಕಲ್ ಕುಡಿದ ಬಿಯರ್

ಕಳೆದ ವಾರ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ಕಾರನ್ನು ಸರ್ವೀಸಿಗೆ ಬಿಟ್ಟು, ಹೊತ್ತು ಕಳೆಯಲೆಂದು ಹಿಂದಿನ ಗೋದಾಮುಗಳ ಸಾಲಿನತ್ತ ನಡೆದೆ. ಅಲ್ಲಿ ಯಾರೋ ಹೊಸದಾಗಿ ಬಿಯರ್ ತಯಾರಿಸಲು ಶುರುಮಾಡಿದ್ದರು. ಮೊಳಕೆ ಕಟ್ಟಿದ ಬಾರ್ಲಿ ಬೇಯುವ ವಾಸನೆ, ಹೆಚ್ಚುಕಡಿಮೆ ರಾಗಿ ಮಾಲ್ಟ್ ಕುದಿಯುವಾಗ ಬರುವಂಥದ್ದು, ಬೀದಿಯೆಲ್ಲ ಹರಡಿತ್ತು. ಕಾಲು ತಾನಾಗಿ ನಿಂತಿತು. ಪಕ್ಕದ ಮನೆಯ ಅಂಕಲ್ ಇದ್ದಿದ್ದರೆ...

ಅವರು ಮೈಸೂರಿನವರು. ಅರವತ್ತರ ದಶಕದಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಎಂಜಿನಿಯರಿಂಗ್ ಓದಲು ಪ್ರಾಗ್‌ಗೆ ಹೋದವರು. ಅಲ್ಲಿಂದ ಅಮೆರಿಕಕ್ಕೆ ಬಂದು ಫೇರ್‌ಫ್ಯಾಕ್ಸ್‌ನಲ್ಲಿ ನೆಲೆಸಿದ್ದರು. ನಾವು ಪಕ್ಕದ ಮನೆ ಕೊಂಡಾಗ ಅವರಿಗೆ ಎಪ್ಪತ್ತು ದಾಟಿತ್ತು. ಆಂಟಿ ಅಡುಗೆಮನೆಯೊಳಕ್ಕೆ ಬಿಯರ್ ಬಿಡುತ್ತಿರಲಿಲ್ಲವಾದ್ದರಿಂದ ಗರಾಜಿನಲ್ಲೊಂದು ಹಳೆಯ ಫ್ರಿಜ್, ಎರಡು ಮಡಚುವ ಕುರ್ಚಿ. ಶನಿವಾರ ಸಂಜೆ ಇಬ್ಬರೂ ಹುಲ್ಲು ಕತ್ತರಿಸಿ ಮುಗಿಸಿ ಅಲ್ಲಿ ಕೂರುತ್ತಿದ್ದೆವು. ನಾನು ಗ್ಲಾಸಿಗೆ ಸುರಿಯುವಾಗ ಮೂರು ಬೆರಳು ನೊರೆ ಬರದಿದ್ದರೆ ಗದರುತ್ತಿದ್ದರು. ಪ್ರಾಗ್‌ನ ಪಬ್ಬಿನ ಕಥೆಯನ್ನಂತೂ ಎಷ್ಟು ಸಲ ಕೇಳಿದ್ದೆನೋ. ಅಲ್ಲಿ ಸಿಗುತ್ತಿದ್ದದ್ದು ಒಂದೇ ಬಗೆಯ ಬಿಯರಂತೆ. ಸಾಕೆಂದು ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚುವವರೆಗೂ ಕೇಳದೆಯೇ ತಂದಿಡುತ್ತಿದ್ದರಂತೆ...

2023ರ ಬೇಸಿಗೆಯಲ್ಲಿ ಆಫೀಸಿನ ಕೆಲಸಕ್ಕೆ ನಾನು ಪ್ರಾಗ್‌ಗೆ ಹೊರಟೆ. "ನನ್ನನ್ನೂ ಕರ್ಕೊಂಡು ಹೋಗೋ, ಟಿಕೆಟ್ ನಾನೇ ಬುಕ್ ಮಾಡ್ಕೋತೀನಿ," ಎಂದು ಅಂಕಲ್ ಗಂಟುಬಿದ್ದರು. ಮಂಡಿನೋವಿನ ಆಂಟಿ ಬರುವಂತಿರಲಿಲ್ಲ. "ಹೋಗಿ ಬರ್ಲಿ ಬಿಡಪ್ಪ. ಕೋವಿಡ್ ಆದ್ಮೇಲೆ ತುಂಬ ಡಲ್ ಆಗ್ಬಿಟ್ಟಿದಾರೆ," ಎಂದರು.

ಪಬ್ ಅದೇ ಬೀದಿಯಲ್ಲಿತ್ತು. ಒಳಗೆ ಕಾಲಿಟ್ಟವನು ಬೆರಗಾಗಿ ನಿಂತೆ. ಅಂಕಲ್ ಹೇಳುತ್ತಿದ್ದ ಉದ್ದನೆಯ ಮರದ ಬೆಂಚುಗಳಿರಲಿಲ್ಲ, ಎತ್ತರದ ಸ್ಟೂಲುಗಳಿದ್ದವು. ಮೆನು ನೋಡಲು ಫೋನ್ ತೆಗೆಯಬೇಕಿತ್ತು. ಮಾವಿನಹಣ್ಣಿನ ಬಿಯರ್, ಕಾಫಿ ಬಿಯರ್, ನಮ್ಮ ವರ್ಜೀನಿಯಾದಲ್ಲೇ ಧಾರಾಳವಾಗಿ ಸಿಗುವ ಅಮೆರಿಕನ್ ಶೈಲಿಯ ಬಿಯರ್! ಅಷ್ಟು ದೂರ ಹಾರಿ ಬಂದದ್ದು ಇದಕ್ಕೇ? ಪಕ್ಕದ ಮೇಜಿನ ಕಾಲೇಜು ಹುಡುಗಿಯರು ಆಲ್ಕೋಹಾಲ್ ಇಲ್ಲದ ಬಿಯರ್ ಕುಡಿಯುತ್ತಿದ್ದರು. ಅಂಕಲ್ ಅರವತ್ತು ವರ್ಷ ಹಳೆಯ ಚೆಕ್ ಭಾಷೆಯಲ್ಲಿ ಎರಡು ಬಿಯರ್ ಕೇಳಿದರು. ಬಡಿಸುವವಳು ನಕ್ಕು, ಇಂಗ್ಲಿಷಿನಲ್ಲಿ ಏನೋ ಉತ್ತರಿಸಿ ಹೋದಳು.

ಗ್ಲಾಸುಗಳು ಬಂದವು. ಅಂಕಲ್ ತಮ್ಮ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ದೊಡ್ಡ ಗುಟುಕು ಎಳೆದರು.

"ಅದೇ ಕಣೋ! ಅದೇ ಕಹಿ. ಒಂಚೂರೂ ಚೇಂಜ್ ಆಗಿಲ್ಲ!"

ನಾನೂ ಕುಡಿದೆ. ನಿಂಬೆ, ಪುದೀನಾ, ಸಕ್ಕರೆ... ಪಕ್ಕದ ಮೇಜಿಗೆ ಹೋಗಬೇಕಾದದ್ದು ನಮಗೆ ಬಂದಿತ್ತು. ತಮಾಷೆ ಮಾಡುತ್ತಿದ್ದಾರೇನೋ ಎಂದು ಅಂಕಲ್ ಮುಖ ನೋಡಿದೆ. ಇಲ್ಲ. ತುಟಿಯ ಮೇಲಿನ ನೊರೆ ಒರೆಸಿಕೊಂಡು ಮತ್ತೆ ಕುಡಿಯುತ್ತಿದ್ದರು.

"ಅಂಕಲ್, ಇದು ಆ ಬಿಯರ್ ಅಲ್ಲ. ನಿಂಬೆ ಶರಬತ್ತಿನ ಥರ ಸಿಹಿ ಇದೆ."

ಗ್ಲಾಸು ಅವರ ಕೈಯಲ್ಲೇ ನಿಂತಿತು.

"ಕೋವಿಡ್ ಬಂದಾಗಿಂದ ಏನೂ ಗೊತ್ತಾಗಲ್ಲ ಕಣೋ. ವಾಸನೆ ಇಲ್ಲ, ರುಚಿ ಇಲ್ಲ. ಕಾಫಿ ಅಂದ್ರೆ ಬಿಸಿನೀರು. ಇಲ್ಲಿಗೆ ಬಂದ್ರಾದ್ರೂ ವಾಪಸ್ ಬರುತ್ತೇನೋ ಅನ್ಕೊಂಡೆ."

ಕೋವಿಡ್ ಆದಮೇಲೂ ಶನಿವಾರ ಶನಿವಾರ ನನ್ನೆದುರು ಕೂತು, ಇದು ಚೆನ್ನಾಗಿದೆ, ಇದು ನೀರುನೀರು ಎಂದು ತೀರ್ಪು ಕೊಟ್ಟಿದ್ದರಲ್ಲ!

"ಆಂಟಿಗೆ ಗೊತ್ತಾ?"

"ಹೇಳ್ಬೇಡ. ನಾನು ಬೇಡ ಅಂದ್ರೂ ಯಾರ ಮನೆಗೋ ಪೂಜೆಗೆ ಹೋಗ್ಬಂದ್ಲು. ಮೊದಲು ಅವಳಿಗೆ ಬಂತು, ಆಮೇಲೆ ನನಗೆ. ತನ್ನಿಂದ ಹೀಗಾಯ್ತು ಅಂತ ಗೊತ್ತಾದ್ರೆ ಕೊರಗಿಬಿಡ್ತಾಳೆ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಬೇರೆ ಬಿಯರ್ ತರಿಸುತ್ತೇನೆಂದೆ, ಬೇಡವೆಂದರು. ಗ್ಲಾಸಿನಲ್ಲಿದ್ದದ್ದನ್ನು ಪೂರ್ತಿ ಕುಡಿದೇ ಎದ್ದರು.

ಕಳೆದ ಚಳಿಗಾಲ ಅಂಕಲ್ ಹೃದಯಾಘಾತದಿಂದ ಹೋಗಿಬಿಟ್ಟರು. ನಾನು ಅವರಿಗೆ ಕೊಟ್ಟ ಮಾತನ್ನು ಅಲ್ಲಿಯವರೆಗೂ, ಆಮೇಲೂ ಉಳಿಸಿಕೊಂಡಿದ್ದೆ. ಶ್ಯಾಂಟಿಲಿಯಿಂದ ಬಂದ ಸಂಜೆ ತಡೆಯಲಾರದೆ ಆಂಟಿಯನ್ನು ನೋಡಲು ಹೋದೆ. ಅದೂ ಇದೂ ಮಾತಾಡುತ್ತ ಅವರೇ ಪ್ರಾಗ್ ವಿಷಯ ತೆಗೆದರು.

"ಅಲ್ಲಾದ್ರೂ ಅವರಿಗೆ ರುಚಿ ಗೊತ್ತಾಯ್ತೇನಪ್ಪ?"

"ಆಂಟಿ, ನಿಮಗೆ ಗೊತ್ತಿತ್ತಾ?" ಎಂದೆ.

"ನನಗೆ ಗೊತ್ತಿತ್ತು. ಒಂದಿನ ಹಾಲು ಸೀದು ಮನೆಯೆಲ್ಲ ವಾಸನೆ. ಇವರು ಪಕ್ಕದಲ್ಲೇ ಆರಾಮಾಗಿ ಪೇಪರ್ ಓದ್ತಾ ಕೂತಿದ್ರು. ಡೌಟ್ ಬಂತು. ಅದೇ ಹಾಲಲ್ಲಿ ಕಾಫಿ ಮಾಡಿ ಕೊಟ್ಟೆ. ಫಸ್ಟ್ ಕ್ಲಾಸ್ ಆಗಿದೆ ಅಂದ್ರು. ನನಗೋಸ್ಕರ ಮುಚ್ಚಿಡ್ತಿದಾರೆ ಅಂತ ಗೊತ್ತಾಯ್ತು. ನಾನೂ ಸುಮ್ಮನಾದೆ."

ಇನ್ನು ಯಾರಿಗಾಗಿ ಮುಚ್ಚಿಡಲಿ? "ಇಲ್ಲ ಆಂಟಿ, ಗೊತ್ತಾಗ್ಲಿಲ್ಲ," ಎಂದೆ.



"ಹಾಗಾದ್ರೆ ನನ್ನ ಕೈ ಅಡುಗೆ ಅವರಿಗೆ ಕೊನೇ ಸಲ ರುಚಿಸಿದ್ದು ಆ ಪೂಜೆಗೆ ಹೋಗಿ ಬಂದ ವಾರಾನೇ..." ಎಂದರು. "ಏನು ಮಾಡಿ ಹಾಕಿದ್ದೆ ಅಂತ ನೆನಪೇ ಆಗ್ತಿಲ್ಲ ನೋಡು."