ಪೂರ್ವಕ್ಕೆ ಸಮುದ್ರ

ನಮ್ಮ ಮನೆಯ ರೊಟ್ಟಿ ಬುಟ್ಟಿಯ ತಳದಲ್ಲಿ ಒಂದು ಸಮುದ್ರವಿದೆ. ನಗಬೇಡಿ, ನಿಜವಾಗಿಯೂ ಇದೆ. ಕಡಕ್ ರೊಟ್ಟಿಗಳನ್ನು ಎತ್ತಿಟ್ಟು, ಕೆಳಗಿನ ಬಿಳಿ ಅರಿವೆಯನ್ನು ಸರಿಸಿದರೆ, ನುಣುಪಾದ ಕಾಗದದ ಮೇಲೆ ನೀಲಿ ನೀರು, ಬೆಳ್ಳನೆಯ ಮರಳು, ಓರೆಯಾಗಿ ನಿಂತ ಎರಡು ತೆಂಗಿನ ಮರ ಕಾಣುತ್ತವೆ. ಕಾಗದ ದಪ್ಪಗಿದೆ, ರೊಟ್ಟಿಯ ಪುಡಿ ಸೋರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಹೆಂಡತಿ ಶಾಂತವ್ವ ಅದನ್ನು ಅಲ್ಲಿ ಹಾಸಿದ್ದಾಳೆ. ಆ ದಂಡೆಯ ಒಂದು ತುಂಡು ನೆಲ ಒಮ್ಮೆ ನನ್ನದಾಗುವುದರಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಈಗೀಗ ನನಗೂ ನಂಬಿಕೆ ಬರುವುದಿಲ್ಲ.

ಸಿಂದಗಿಯ ಕಚೇರಿಯೆದುರು ಬೇವಿನ ನೆರಳಲ್ಲಿ ಡೆಸ್ಕು ಇಟ್ಟುಕೊಂಡು ಮಂದಿಯ ಹೊಲಮನೆಗಳ ಖರೇದಿ ಪತ್ರ ಬರೆಯುವುದು ನನ್ನ ಕಸುಬು. ನನ್ನ ಅಕ್ಷರ ಚೆಂದವೆಂದು ಇಂಡಿ, ಬಾಗೇವಾಡಿ, ಮುದ್ದೇಬಿಹಾಳದ ಕಡೆಯವರೂ ಕರಡು ಬರೆಸಿಕೊಂಡು ಹೋಗುವುದುಂಟು. ಹೀಗಾಗಿ ಭೂಮಿಯ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬ ಸಣ್ಣ ಜಂಬವೂ ಇತ್ತು. ನೀರಿನ ವಿಷಯ ಬೇರೆ. ತುಂಬಿ ಬಂದ ಭೀಮೆಗಿಂತ ಅಗಲವಾದ ನೀರನ್ನು ನಾನು ಕಂಡವನಲ್ಲ.

ಎಪ್ಪತ್ತರ ದಶಕ ಅರ್ಧ ಕಳೆದಿದ್ದ ಆ ದಿನಗಳಲ್ಲಿ ನನ್ನ ಬಾಲ್ಯದ ಗೆಳೆಯ ದಸ್ತಗೀರ ರಜೆಯ ಮೇಲೆ ಊರಿಗೆ ಬಂದ. ಆಫ್ರಿಕದ ಪೂರ್ವ ದಂಡೆಯ ಬಂದರೊಂದರಲ್ಲಿ ಅವನು ಹತ್ತು ವರ್ಷದಿಂದ ಟೇಲರ್. ಅವನು ತಂದದ್ದೇ ಈ ಚಿತ್ರ. ಅಲ್ಲಿ ಸಮುದ್ರಕ್ಕೆ ಮುಖಮಾಡಿದ ಜಾಗಗಳು ಅಗ್ಗವಾಗಿವೆಯೆಂದೂ, ಬಹುಕಾಲ ನೆಲೆಸಿದ್ದವರು ಬಿಟ್ಟುಹೋಗುತ್ತ ಸಿಕ್ಕ ಬೆಲೆಗೆ ಮಾರುತ್ತಿದ್ದಾರೆಂದೂ, ಅರ್ಧ ತಾನು ಹಾಕಿದರೆ ಅರ್ಧ ನಾನು ಹಾಕಬೇಕೆಂದೂ, ಮುಪ್ಪಿನಲ್ಲಿ ಇಬ್ಬರೂ ಅಕ್ಕಪಕ್ಕ ಮನೆ ಕಟ್ಟಿಕೊಂಡು ತೆರೆ ನೋಡುತ್ತ ಕೂಡಬಹುದೆಂದೂ ಹೇಳಿದ. ಜಾಗ ಅವನ ಹೆಸರಿನಲ್ಲಿ, ನನ್ನ ಪಾಲಿಗೆ ಒಳಗಿನ ಕರಾರು. ಇಂಥ ಒಳಗಿನ ಕರಾರು ಮಾಡಿಕೊಂಡ ಎಷ್ಟು ಮಂದಿಯನ್ನು ನಾನೇ ಬೈದು ಕಳಿಸಿದ್ದೇನೋ! ಆದರೆ ಚಿತ್ರದ ನೀಲಿ ಕಣ್ಣಿಗೆ ಹತ್ತಿತ್ತು. ಅಲ್ಲಿದ್ದವರು ಯಾಕೆ ಬಿಟ್ಟು ಹೋಗುತ್ತಿದ್ದಾರೆ ಎಂದು ಕೇಳಲೂ ಇಲ್ಲ.

ನನ್ನ ಪಾಲಿನ ಹಣ ಹುಟ್ಟಬೇಕಾದರೆ ಮಾರಲು ಇದ್ದದ್ದು ಒಂದೇ: ಮೋರಟಗಿಯಲ್ಲಿ ಶಾಂತವ್ವನಿಗೆ ಅವಳ ಅಪ್ಪ ಮದುವೆಯಲ್ಲಿ ಕೊಟ್ಟ ಎರೆಹೊಲ. ಎರಡು ದಿನ ಅವಳಿಗೆ ಸಮುದ್ರದ ವರ್ಣನೆ ಮಾಡಿದೆ. "ನಿಮ್ಮ ಮನಸಿಗೆ ಬಂದಂಗ ಮಾಡ್ರಿ" ಅಂದಳು. ಮರುದಿನದಿಂದ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಪಡಸಾಲೆಯವರೆಗೂ ಕೇಳತೊಡಗಿತು.

ರವಿವಾರ ಮುಂಜಾನೆ ಆ ಹೊಲ ಮಾರುವ ಪತ್ರದ ಕರಡು ಬರೆಯಲು ಕೂತೆ. ದಸ್ತಗೀರ ಎದುರಿಗೆ, ಶಾಂತವ್ವ ಕಂಬಕ್ಕೆ ಒರಗಿ. ನನ್ನದೊಂದು ರೂಢಿಯಿದೆ: ಕಾಗದ ಏನೇ ಹೇಳಲಿ, ಹೊಲದ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿಗೆ ಯಾರು ಯಾರಿದ್ದಾರೆಂಬುದನ್ನು, ಒಡೆಯನ ಬಾಯಿಂದಲೇ ಹೇಳಿಸದೆ ನಾನು ಬರೆಯುವವನಲ್ಲ. ಒಡತಿ ಹೆಂಡತಿಯಾದರೂ ರೂಢಿ ರೂಢಿಯೇ. "ಹೇಳು" ಅಂದೆ.

"ಮೂಡಲಕ್ಕ ಮಲ್ಲವ್ವಾಯಿ ಹೊಲ. ಎಳೀ ಜೋಳದ ತೆನಿ ಸುಟ್ಟು ಸೀತನಿ ಮಾಡಿದ ದಿವಸ ನನ್ನ ಬಿಟ್ಟು ಆಕಿ ಒಂದು ಕಾಳೂ ತಿಂದಾಕಿ ಅಲ್ಲ. ತೆಂಕಲಕ್ಕ ಬಂಡಿ ದಾರಿ. ಪಡುವಲಕ್ಕ ಹಳ್ಳ, ನಮ್ಮಪ್ಪ ಎಮ್ಮಿ ಮೈ ತೊಳೀತಿದ್ದದ್ದು. ಬಡಗಲಕ್ಕ ನಮ್ಮಣ್ಣನ ಹೊಲ. ಬದು ಒಂದು ಮೊಳ ನನ್ನ ಕಡಿ ಸರದೈತಿ... ಇರ್ಲಿ, ಅದನ್ನ ಬರೀಬ್ಯಾಡ್ರಿ."

ನಾನು ಬರೆದೆ. ಅವಳು ಗೆಳೆಯನತ್ತ ತಿರುಗಿ, "ಇನ್ನ ನಿಮ್ಮ ಸಮುದ್ರದ ಜಾಗಾದ್ದು ಹೇಳ್ರಿ ದಸ್ತಗೀರಣ್ಣ" ಅಂದಳು.

"ಪಡುವಲಕ್ಕ ರಸ್ತಾ ಐತಿ ತಂಗೆವ್ವ. ತೆಂಕಲಕ್ಕ ಹನ್ನೊಂದನೇ ನಂಬರ್, ಬಡಗಲಕ್ಕ ಹದಿಮೂರನೇ ನಂಬರ್. ಮೂಡಲಕ್ಕ ಸಮುದ್ರ."

"ಆ ನಂಬರಿನ್ಯಾಗ ಮಂದಿ ಯಾರದಾರ?"

"ಇದ್ದವರು ಹೋದ್ರು. ಬರೋರು ಇನ್ನಾ ಬಂದಿಲ್ಲ."

"ಮತ್ತ ಸಮುದ್ರ ಬದು ಒತ್ತಿದ್ರ ಪಂಚಾಯ್ತಿಗೆ ಯಾರನ್ನ ಕರೀತೀರಿ?"

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಮಸಿಯಲ್ಲಿ ಅದ್ದಿದ ಟಾಕು ಮಾತ್ರ ಕಾಗದದ ಮೇಲೆ ಇಳಿಯಲೊಲ್ಲದು. ಇಷ್ಟು ವರ್ಷ ನಾನು ಬರೆದ ಪತ್ರಗಳಲ್ಲಿ ಮಾರುವ ನೆಲದ ಬಗ್ಗೆ ಇರುತ್ತಿದ್ದದ್ದು ಎರಡು ಸಾಲು, ಉಳಿದದ್ದೆಲ್ಲ ಅದರ ಅಂಚಿನಲ್ಲಿದ್ದವರ ಹೆಸರು. ಅದನ್ನು ಕಾನೂನಿನ ಹಟವೆಂದು ತಿಳಿದಿದ್ದೆ. ಬದುವಿಗಾಗಿ ಜಗಳಾಡುವವರು, ಅದೇ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವವರು, ನಮ್ಮ ಎತ್ತು ತಪ್ಪಿಸಿಕೊಂಡರೆ ಕೂಗಿ ಹೇಳುವವರು, ಇವರೆಲ್ಲ ನಾಲ್ಕು ಕಡೆಯಿಂದ ಹಿಡಿದು ನಿಂತಿರುವುದರಿಂದಲೇ ನಡುವಿನ ಮಣ್ಣು ನಮ್ಮದಾಗಿ ಉಳಿದಿದೆ. ಹೊಲ ಮಾರಿದರೆ ಶಾಂತವ್ವ ಕಳೆದುಕೊಳ್ಳುತ್ತಿದ್ದದ್ದು ಮಲ್ಲವ್ವಾಯಿಯನ್ನು, ಹಳ್ಳವನ್ನು, ಒಂದು ಮೊಳ ಒತ್ತಿದ ಅಣ್ಣನನ್ನು. ಇದು ಮೊದಲೇ ನನಗೆ ಯಾಕೆ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು. ಟಾಕನ್ನು ಒರೆಸಿಟ್ಟು, "ದಸ್ತಗೀರ, ನನ್ನ ಕೈಲಿ ಆಗೂದಿಲ್ಲೋ" ಅಂದೆ.

ಅವನು ಮುನಿಯುತ್ತಾನೆಂದು ಹೆದರಿದ್ದೆ. ಅವನೋ, ಹೊರೆ ಇಳಿಸಿದವನಂತೆ ಉಸಿರು ಬಿಟ್ಟು ಗೋಡೆಗೆ ಬೆನ್ನು ಕೊಟ್ಟ. "ಛಲೋ ಆತು. ನನಗರೆ ಎಲ್ಲಿ ಧೈರ್ಯ ಇತ್ತು? ಅಲ್ಲಿ ನನ್ನ ಬಾಜೂ ಖೋಲಿಯವನ ಹೆಸರು ಹತ್ತು ವರ್ಷದಾಗ ನನಗ ಗೊತ್ತಾಗಿಲ್ಲ, ಗುರಪ್ಪ. ಒಂದು ದಿಕ್ಕಿಗರೆ ನೀ ಇರಲಿ ಅಂತ ನಿನ್ನ ಎಳದೆ." ಶಾಂತವ್ವ ಒಳಗೆ ಹೋಗಿ ಚಹಾಕ್ಕಿಟ್ಟಳು. ಆ ಚಹಾದಷ್ಟು ಹಗುರಾಗಿ ನನ್ನ ಗಂಟಲಲ್ಲಿ ಯಾವ ಚಹಾವೂ ಇಳಿದಿಲ್ಲ.

ಮರುವರ್ಷ ದಸ್ತಗೀರ ಹೊಲಿಗೆ ಮಷಿನ್ ಸಮೇತ ತಿರುಗಿ ಬಂದ. ನಮ್ಮ ಮನೆಗೆ ಹತ್ತಿದ ಪಡುವಣದ ಖಾಲಿ ಜಾಗ ಮಾರಾಟಕ್ಕಿತ್ತು, ಅದನ್ನು ಹಿಡಿದ. ಪತ್ರ ಬರೆದವನು ನಾನೇ. ರೂಢಿಯಂತೆ ಚಕ್ಕುಬಂದಿ ಕೇಳಿದೆ. ಅವನು ಮೂರೇ ದಿಕ್ಕು ಹೇಳಿದ.

"ಮೂಡಲಕ್ಕ?" ಅಂದೆ.

"ನಿನಗ ಗೊತ್ತಿಲ್ಲೇನ?" ಅಂದ.

ನಾನು ರೂಢಿ ಬಿಡಲಿಲ್ಲ, ಅವನ ಬಾಯಿಂದಲೇ ಹೇಳಿಸಿದೆ. ಸಮುದ್ರ ಇರಬೇಕಾಗಿದ್ದ ಜಾಗದಲ್ಲಿ ಊರೆಲ್ಲ ಹೊಗಳುವ ನನ್ನ ಅಕ್ಷರದಲ್ಲಿ ನನ್ನದೇ ಹೆಸರು ಬರೆದೆ.

ಈಗ ನಡುವೆ ಎದೆಮಟ್ಟದ ಗೋಡೆಯೊಂದಿದೆ. ರೊಟ್ಟಿ ಹೆಚ್ಚಾದ ದಿನ ಶಾಂತವ್ವ ಬುಟ್ಟಿಯನ್ನು ಅದರ ಮೇಲಿಂದ ಆಚೆ ದಾಟಿಸುತ್ತಾಳೆ. ರಮಜಾನ್ ಹಬ್ಬಕ್ಕೆ ಅದೇ ಬುಟ್ಟಿಯಲ್ಲಿ ಹಾಲು ಶಾವಿಗೆಯ ಸುರಕುಂಬಾದ ಪಾತ್ರೆ ಕೂತು ಈಚೆ ಬರುತ್ತದೆ. ತಳದ ಕಾಗದದ ನೀಲಿ ಸವೆದು, ತೆಂಗಿನ ಮರಗಳಲ್ಲಿ ಒಂದೇ ಉಳಿದಿದೆ. ಮೊನ್ನೆ ಬೇರೆ ಕಾಗದ ಹಾಸೋಣವೇ ಎಂದು ಕೇಳಿದೆ. "ಇರ್ಲಿ ಬಿಡ್ರಿ, ಇನ್ನಾ ಗಟ್ಟಿ ಐತಿ" ಎಂದು ಅವಳು ಅದರ ಮೇಲೆ ಬಿಸಿ ರೊಟ್ಟಿ ಒಟ್ಟಿದಳು.